ಎರೆಯಾಗಿ ಹೋದ ಕಲ್ಲಿದ್ದಲು ಹಡಗು

1917ರ ಆಗಸ್ಟ್ 10ರ ಬೆಳಗಿನ ಜಾವ, ಪ್ಲಿಮತ್ ಬಂದರಿನತ್ತ ಎಳೆದು ತರುತ್ತಿದ್ದ ಡನ್‌ರೇವನ್ ಎಂಬ ಬ್ರಿಟಿಷ್ ಹಡಗು ದಾರಿಯಲ್ಲೇ ಮುಳುಗಿತು. 1910ರಲ್ಲಿ ಕಟ್ಟಿದ, ಸುಮಾರು 3,100 ಟನ್ನಿನ ಕಲ್ಲಿದ್ದಲು ಹಡಗು ಅದು. ಆದರೆ ಕೊನೆಯ ಪಯಣದಲ್ಲಿ ಅದರೊಳಗೆ ಇದ್ದದ್ದು ಫಿರಂಗಿಗಳು, ಟಾರ್ಪೆಡೊಗಳು ಮತ್ತು ನೌಕಾಪಡೆಯ ಯೋಧರು.

ಮೊದಲ ಮಹಾಯುದ್ಧ ಶುರುವಾದಾಗ ಸರಕು ಹಡಗುಗಳ ವಿಚಾರದಲ್ಲಿ ಒಂದು ನಿಯಮವಿತ್ತು. ಜಲಾಂತರ್ಗಾಮಿಯು ನೀರಿನ ಮೇಲೆ ಬಂದು ಹಡಗನ್ನು ತಡೆಯಬೇಕು, ನಾವಿಕರನ್ನು ದೋಣಿಗಳಿಗೆ ಇಳಿಸಬೇಕು, ಆಮೇಲಷ್ಟೇ ಹಡಗನ್ನು ಮುಳುಗಿಸಬೇಕು. ಮೇಲೆ ಬಂದ ಜಲಾಂತರ್ಗಾಮಿಯನ್ನು ಫಿರಂಗಿಯಿಂದ ಹೊಡೆಯಬಹುದಲ್ಲ! ಬ್ರಿಟನ್ ಹೂಡಿದ ಹಂಚಿಕೆ ಇದೇ. ಹಳೆಯ ಸರಕು ಹಡಗುಗಳನ್ನು ಸರ್ಕಾರ ವಶಕ್ಕೆ ಪಡೆದು, ಫಿರಂಗಿಗಳನ್ನು ಮರೆಮಾಡಿ, ಟಾರ್ಪೆಡೊ ತಗುಲಿದರೂ ಬೇಗ ಮುಳುಗದಂತೆ ಉಗ್ರಾಣದಲ್ಲಿ ಮರದ ದಿಮ್ಮಿ ತುಂಬಿ ಸಮುದ್ರಕ್ಕೆ ಬಿಟ್ಟಿತು. ವೇಲ್ಸ್‌ನ ಕಲ್ಲಿದ್ದಲನ್ನು ಊರೂರಿಗೆ ಹೊರುತ್ತಿದ್ದ, ಕುಂಟುತ್ತ ಸಾಗುವ ಹಡಗುಗಳ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಗುಂಡು ಹಾರಿಸುವ ಮುನ್ನ ನೌಕಾಪಡೆಯ ಬಾವುಟ ಏರಿಸಬೇಕೆಂಬ ಕಟ್ಟಳೆಯೊಂದೇ ಇವುಗಳನ್ನು ಕಡಲ್ಗಳ್ಳರಿಂದ ಬೇರೆ ಮಾಡುತ್ತಿತ್ತು.

ಈ ಕೆಲಸದಲ್ಲಿ ಹೆಸರು ಮಾಡಿದವನು ಬ್ರಿಟಿಷ್ ನೌಕಾಧಿಕಾರಿ ಗಾರ್ಡನ್ ಕ್ಯಾಂಬೆಲ್. ಲೋಡರರ್ ಎಂಬ ಕಲ್ಲಿದ್ದಲು ಹಡಗಿಗೆ ಫಾರ್ನ್‌ಬರೋ ಎಂದು ಹೆಸರಿಟ್ಟು, 1916ರ ಮಾರ್ಚ್‌ನಲ್ಲಿ ಯು-68 ಎಂಬ ಜರ್ಮನ್ ಜಲಾಂತರ್ಗಾಮಿಯನ್ನು ಮುಳುಗಿಸಿದ. 1917ರ ಫೆಬ್ರುವರಿ 1ರಿಂದ ಜರ್ಮನಿಯು ಎಚ್ಚರಿಕೆ ಕೊಡದೆ ಹಡಗು ಮುಳುಗಿಸುವುದಾಗಿ ಸಾರಿತು. ಆಗ ಕ್ಯಾಂಬೆಲ್ ಕಂಡುಕೊಂಡ ದಾರಿ ನೆನೆದರೆ ಮೈ ನಡುಗುತ್ತದೆ: ಟಾರ್ಪೆಡೊ ಬರುವುದು ಕಂಡರೆ ತಪ್ಪಿಸಿಕೊಳ್ಳಬಾರದು, ಹಡಗಿಗೆ ತಗುಲಿಸಿಕೊಳ್ಳಬೇಕು. ಅದೇ ತಿಂಗಳ 17ರಂದು ಹಾಗೆಯೇ ಮಾಡಿ ಯು-83 ಅನ್ನು ಮುಳುಗಿಸಿದ. ಫಾರ್ನ್‌ಬರೋ ಹೇಗೋ ದಡ ಹತ್ತಿ ಉಳಿಯಿತು. ಮುಂದೆ ಅವನು ನಡೆಸಿದ್ದು ಪಾರ್ಗಸ್ಟ್ ಎಂಬ ಹಡಗನ್ನು, ಅದಾದ ಮೇಲೆ ಡನ್‌ರೇವನ್ ಅನ್ನು.

ಆಗಸ್ಟ್ 8ರಂದು ಬಿಸ್ಕೆ ಕೊಲ್ಲಿಯಲ್ಲಿ ಎದುರಾದದ್ದು ಯುಸಿ-71. ಅದರ ನಾಯಕ ರೈನ್‌ಹೋಲ್ಡ್ ಸಾಲ್ಟ್ಸ್‌ವೆಡೆಲ್. ಅವನು ಹತ್ತಿರ ಬಾರದೆ ದೂರದಿಂದಲೇ ಗುಂಡು ಹಾರಿಸಿದ. ಡನ್‌ರೇವನ್ ಬೇಕೆಂದೇ ಗುರಿ ತಪ್ಪಿಸಿ ಸಣ್ಣ ಫಿರಂಗಿಯಿಂದ ಉತ್ತರ ಕೊಟ್ಟಿತು. ತೂತು ಕೊರೆದ ಕೊಳವೆಗಳಿಂದ ಹಬೆ ಬಿಟ್ಟು ಬಾಯ್ಲರ್ ಒಡೆದಂತೆ ತೋರಿಸಿತು. ನಾವಿಕರ ಒಂದು ತಂಡ ಗಾಬರಿ ನಟಿಸುತ್ತ ದೋಣಿಗಳಿಗೆ ಇಳಿಯಿತು. ಅಷ್ಟರಲ್ಲಿ ಗುಂಡುಗಳು ಹಿಂಭಾಗಕ್ಕೆ ಬಡಿದು ನಿಜವಾದ ಬೆಂಕಿಯೇ ಹೊತ್ತಿಕೊಂಡಿತು. ಅಲ್ಲಿ ಮದ್ದುಗುಂಡಿನ ಕೋಣೆಯ ಮೇಲೆ, ದೊಡ್ಡ ಫಿರಂಗಿಯ ಮಗ್ಗುಲಲ್ಲಿ ಲೆಫ್ಟಿನೆಂಟ್ ಚಾರ್ಲ್ಸ್ ಬಾನರ್ ಮತ್ತು ಅವನ ಸಂಗಡಿಗರು ಅಡಗಿದ್ದರು. ಕಾಲಡಿಯ ಡೆಕ್ ಕೆಂಡದಂತಾಯಿತು. ಅಂಗಿ ಹರಿದು ಮೂಗು ಬಾಯಿಗೆ ಒತ್ತಿಕೊಂಡರು. ಮದ್ದಿನ ಪೆಟ್ಟಿಗೆಗಳು ಬಿಸಿಗೆ ಸಿಡಿಯದಿರಲೆಂದು ನೆಲದಿಂದೆತ್ತಿ ಹಿಡಿದುಕೊಂಡು ಕೂತರು. ಯಾರೂ ಕದಲಲಿಲ್ಲ. ಜಲಾಂತರ್ಗಾಮಿ ಹೊಗೆಯಿಂದ ಹೊರಬಂದು ಗುರಿಗೆ ಸಿಗಲು ಇನ್ನು ಕೆಲವೇ ಕ್ಷಣಗಳಿದ್ದವು. ಅಷ್ಟರಲ್ಲಿ ಮದ್ದು ಸಿಡಿದು, ಫಿರಂಗಿಯೂ ಜನರೂ ಗಾಳಿಗೆ ಹಾರಿದರು.

ಗುಟ್ಟು ಬಯಲಾಯಿತು. ಸಾಲ್ಟ್ಸ್‌ವೆಡೆಲ್ ಮುಳುಗಿ ಟಾರ್ಪೆಡೊ ಬಿಟ್ಟ. ಕ್ಯಾಂಬೆಲ್ ಎರಡನೆಯ ತಂಡವನ್ನೂ ದೋಣಿಗೆ ಇಳಿಸಿ, ಹಡಗು ಪೂರ್ತಿ ಖಾಲಿಯಾಯಿತೆಂದು ನಂಬಿಸಲು ನೋಡಿದ. ಉಳಿದವರು ಉರಿಯುವ ಹಡಗಿನಲ್ಲಿ ಮಲಗಿ ಇಪ್ಪತ್ತು ನಿಮಿಷ ಗುಂಡಿನೇಟು ತಿಂದರು. ಕಡೆಗೆ ಕ್ಯಾಂಬೆಲ್ ಬಿಟ್ಟ ಎರಡು ಟಾರ್ಪೆಡೊಗಳೂ ಗುರಿ ತಪ್ಪಿದವು. ಯುಸಿ-71 ತಪ್ಪಿಸಿಕೊಂಡಿತು.

ಬಾನರ್ ಬದುಕುಳಿದ, ಅವನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಅವನ ಸಂಗಡಿಗರಲ್ಲಿ ಇನ್ನೊಂದು ಕ್ರಾಸನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲಾಗದೆ, ಆ ಫಿರಂಗಿಯ ತಂಡದವರೇ ಮತ ಹಾಕಿ ಅರ್ನೆಸ್ಟ್ ಪಿಚರ್‌ನನ್ನು ಆರಿಸಿದರು.

ಇಂಥ ಧೈರ್ಯಕ್ಕೆ ತಲೆಬಾಗದಿರುವುದು ಅಸಾಧ್ಯ. ಆದರೂ ಈ ಹಂಚಿಕೆಯ ಸಾಲವನ್ನು ತೀರಿಸಿದವರು ಬೇರೆಯವರು ಎಂಬುದು ನನ್ನ ನಂಬಿಕೆ. ಒಂದು ಕಲ್ಲಿದ್ದಲು ಹಡಗಿನಲ್ಲಿ ಫಿರಂಗಿ ಅಡಗಿದೆ ಎಂದು ಗೊತ್ತಾದ ಮೇಲೆ ಜರ್ಮನ್ ನಾಯಕರ ಕಣ್ಣಿಗೆ ಎಲ್ಲ ಕಲ್ಲಿದ್ದಲು ಹಡಗುಗಳೂ ಶಂಕಿತವೇ. ಸಾಲ್ಟ್ಸ್‌ವೆಡೆಲ್ ದೂರ ನಿಂತು ಹೊಡೆದದ್ದು ಇದಕ್ಕೇ. ಸರಕು ಹಡಗಿನವನು ತಿರುಗಿ ಬಿದ್ದರೆ ಶಿಕ್ಷೆಯೇನೆಂಬುದೂ ಆಗಲೇ ಲೋಕಕ್ಕೆ ತಿಳಿದಿತ್ತು: ಜಲಾಂತರ್ಗಾಮಿಗೆ ಡಿಕ್ಕಿ ಹೊಡೆಯಲು ಯತ್ನಿಸಿದನೆಂದು ಬ್ರಿಟಿಷ್ ಕ್ಯಾಪ್ಟನ್ ಚಾರ್ಲ್ಸ್ ಫ್ರೈಯಟ್‌ನನ್ನು ಜರ್ಮನರು 1916ರ ಜುಲೈನಲ್ಲಿ ಗುಂಡಿಕ್ಕಿ ಕೊಂದಿದ್ದರು. ಶಸ್ತ್ರವಿಲ್ಲದ ನಾವಿಕನಿಗೆ ಇದ್ದ ಅಲ್ಪಸ್ವಲ್ಪ ರಕ್ಷಣೆಯನ್ನು ಎರಡೂ ಕಡೆಯವರು ಸೇರಿ ಕಿತ್ತುಕೊಂಡರು.

ಕಲ್ಲಿದ್ದಲು ಹಡಗುಗಳನ್ನು ನಿಜಕ್ಕೂ ಉಳಿಸಿದ್ದು ಇಷ್ಟು ಸದ್ದುಮಾಡದ ಬೇರೊಂದು ಉಪಾಯ. ಉತ್ತರದ ಗಣಿಗಳನ್ನು ಜರ್ಮನರು ಹಿಡಿದಿದ್ದರಿಂದ ಫ್ರಾನ್ಸ್‌ಗೆ ಬ್ರಿಟಿಷ್ ಕಲ್ಲಿದ್ದಲು ಇಲ್ಲದೆ ನಡೆಯುತ್ತಿರಲಿಲ್ಲ. 1917ರ ಫೆಬ್ರುವರಿಯಿಂದ ಆ ಹಡಗುಗಳನ್ನು ಗುಂಪುಗೂಡಿಸಿ, ಶಸ್ತ್ರಸಜ್ಜಿತ ಮೀನುಗಾರಿಕೆ ದೋಣಿಗಳ ಬೆಂಗಾವಲಿನಲ್ಲಿ ಇಂಗ್ಲಿಷ್ ಕಡಲುಗಾಲುವೆ ದಾಟಿಸತೊಡಗಿದರು. ನಷ್ಟ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಡನ್‌ರೇವನ್ ಬಿಸ್ಕೆಯಲ್ಲಿ ಉರಿಯುತ್ತಿದ್ದ ಹೊತ್ತಿಗೆ ಅಟ್ಲಾಂಟಿಕ್‌ನ ಹಡಗುಗಳೂ ಬೆಂಗಾವಲಿನಲ್ಲಿ ಬರತೊಡಗಿದ್ದವು.