ಫಿಲ್ಲಿಂಗ್ ಹಾಕ್ಸಿದ ದಿನ ಬಣ್ಣ ಬೇರೆ ಕಾಣ್ಸುತ್ತಲ್ಲ, ಯಾಕೆ?

ಮೂಡಿಗೆರೆ ಕಡೆಯ ಒಬ್ರು ಕೇಳಿದಾರೆ: "ಮೇಡಂ, ಮುಂದಿನ ಹಲ್ಲಿನ ತುದಿ ಮುರ್ದಿತ್ತು, ಚಿಕ್ಕಮಗಳೂರಿಗೆ ಬಂದು ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕ್ಸಿದೆ. ಎದ್ದು ಕನ್ನಡಿ ನೋಡಿದ್ರೆ ಹಲ್ಲು ಬೆಳ್ಳಗೆ, ಫಿಲ್ಲಿಂಗ್ ಹಳದಿ. ತೆಗ್ಸಿ ಬೇರೆ ಹಾಕ್ಸಲಾ?"

ದಯವಿಟ್ಟು ಅವತ್ತೇ ತೆಗ್ಸಬೇಡಿ, ಒಂದೆರಡು ದಿನ ಬಿಡಿ. ಹೆಚ್ಚಾಗಿ ಬಣ್ಣ ಬದಲಾಗಿರೋದು ಫಿಲ್ಲಿಂಗಿಂದಲ್ಲ, ನಿಮ್ಮ ಹಲ್ಲಿಂದೇ.

ಒದ್ದೆ ಬಿಳಿ ಪಂಚೆ ನೋಡಿರ್ತೀರಲ್ಲ, ಮೈಗೆ ಅಂಟಿ ಒಳಗಿಂದೆಲ್ಲ ಕಾಣುತ್ತೆ, ಅದೇ ಪಂಚೆ ಒಣಗಿದ್ರೆ ಅಚ್ಚ ಬಿಳಿ. ನೂಲಿನ ಸಂದೀಲಿ ನೀರಿದ್ರೆ ಬೆಳಕು ದಾಟಿ ಹೋಗುತ್ತೆ, ಗಾಳಿ ಸೇರ್ಕೊಂಡ್ರೆ ಚದುರಿ ವಾಪಸ್ ಬರುತ್ತೆ. ಹಲ್ಲಿನ ಗಟ್ಟಿ ಹೊರಪದರ ಎನಾಮಲ್ಲೂ ಹಾಗೇ, ಅದರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿರುತ್ತೆ. ಅದರ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಳತೆ, ಸುಮಾರು 1.63, ನೀರಿಂದು 1.33, ಗಾಳಿದು 1, ಈ ಅಂತರ ಹೆಚ್ಚಿದಷ್ಟೂ ಬೆಳಕು ಚದುರೋದು ಜಾಸ್ತಿ. ಬಾಯಿ ತೆರ್ಸಿ, ಹತ್ತಿ ಇಟ್ಟು, ಗಾಳಿ ಹೊಡ್ದು ಕೆಲ್ಸ ಮಾಡೋವಾಗ ಹಲ್ಲು ಒಣಗಿ ಬೆಳ್ಳಗಾಗುತ್ತೆ, ಆಮೇಲೆ ಜೊಲ್ಲು ಹೀರ್ಕೊಂಡು ನಿಧಾನಕ್ಕೆ ಮೊದಲಿನ ಬಣ್ಣಕ್ಕೆ ಬರುತ್ತೆ. ಅದಕ್ಕೇ ಶೇಡ್, ಅಂದ್ರೆ ಹಲ್ಲಿಗೆ ಹೊಂದೋ ಫಿಲ್ಲಿಂಗ್ ಬಣ್ಣ, ಆರ್ಸೋದು ಹಲ್ಲು ಒಣಗೋ ಮುಂಚೆ, ಅದೂ ಕಿಟಕಿ ಬೆಳಕಲ್ಲಿ. ಒಣಗಿದ ಮೇಲೆ ಆರಿಸಿದ್ರೆ ನಾಳೆ ಫಿಲ್ಲಿಂಗೇ ಬಿಳಿ ಚುಕ್ಕೆ ಥರ ಕಾಣ್ಸುತ್ತೆ, ಅದು ಮಾತ್ರ ತಾನಾಗಿ ಸರಿ ಹೋಗಲ್ಲ.

ಫಿಲ್ಲಿಂಗ್ ಒಳಗೂ ಇದೇ ಲೆಕ್ಕ. ರೆಸಿನ್ ಅನ್ನೋ ಪ್ಲಾಸ್ಟಿಕ್ ಥರದ ಅಂಟಲ್ಲಿ ಗಾಜಿನ ನುಣ್ಣನೆ ಪುಡಿ ಕಲ್ಸಿರ್ತಾರೆ, ಎರಡರ ಸೂಚ್ಯಂಕ ಹತ್ತತ್ರ ಇದ್ರೆ ಬೆಳಕು ಒಳಗೆ ಹೋಗುತ್ತೆ, ದೂರ ಆದ್ರೆ ಸುಣ್ಣದ ಥರ ಮಂಕು. ಇನ್ನೊಂದು, ನೀಲಿ ಲೈಟಿಗೆ ಗಟ್ಟಿಯಾಗ್ಲಿ ಅಂತ ಸೇರ್ಸೋ ಕ್ಯಾಂಫರ್‌ಕ್ವಿನೋನ್ ಅನ್ನೋದು ಸ್ವತಃ ಹಳದಿ, ಗಟ್ಟಿಯಾಗ್ತಾ ಆ ಹಳದಿ ಇಳಿಯುತ್ತೆ. ಹಸಿ ಪೇಸ್ಟ್ ನೋಡಿ ಬಣ್ಣ ತೀರ್ಮಾನ ಮಾಡಿದ್ರೆ ಮೋಸ ಹೋಗ್ತೀವಿ, ನಾನಂತೂ ಮುಂದಿನ ಹಲ್ಲಾದ್ರೆ ಒಂದು ಚೂರು ಹಲ್ಲಿನ ಮೇಲೆ ಇಟ್ಟು ಲೈಟ್ ಹಿಡ್ದು ನೋಡಿ, ಕಿತ್ತು ಹಾಕಿ, ಆಮೇಲೇ ಕೆಲ್ಸ ಶುರು ಮಾಡೋದು.

ನಿಮ್ದು ಮುರಿದ ತುದಿ ಅಂದ್ರಿ, ಅಲ್ಲಿ ಹಿಂದೆ ಹಲ್ಲಿಲ್ಲ, ಬಾಯಿಯ ಕತ್ತಲೆ ಮಾತ್ರ. ಬರೀ ಪಾರದರ್ಶಕ ರೆಸಿನ್ ಕೂರಿಸಿದ್ರೆ ಬೂದು ಬೂದಾಗಿ ಕಾಣ್ಸುತ್ತೆ, ಹಿಂದೆ ಒಂದು ಅಪಾರದರ್ಶಕ ಪದರ ಬೇಕು.

ಕಾಫಿ ಬಿಡ್ಬೇಕಾ ಅಂತಾನೂ ಕೇಳ್ತಾರೆ. ಬಿಡೋದೇನೂ ಬೇಡ, ಆದ್ರೆ ಪಾಲಿಶ್ ಸರಿಯಾಗಿ ಆಗಿರ್ಬೇಕು, ಒರಟು ಮೇಲ್ಮೈಗೆ ಕಲೆ ಬೇಗ ಹಿಡಿಯುತ್ತೆ.

ಎರಡು ದಿನ ಕಳೆದ್ಮೇಲೆ ಹಗಲು ಬೆಳಕಲ್ಲಿ ನೋಡಿ. ಆಗ್ಲೂ ಹೊಂದದೇ ಇದ್ರೆ ಡಾಕ್ಟ್ರ ಹತ್ರ ಹೋಗಿ ಹೇಳಿ, ಎಷ್ಟೋ ಸಲ ಪೂರ್ತಿ ಕೀಳೋದೇ ಬೇಕಾಗಲ್ಲ, ಮೇಲಿನ ಪದರ ಮಾತ್ರ ತೆಗ್ದು ಬೇರೆ ಶೇಡ್ ಕೂರಿಸಬಹುದು.