ಬೆಣ್ಣೆ ತೆಗೆದದ್ದು ಎಷ್ಟು ಸಲ?

ಅಣ್ವಸ್ತ್ರ ತಪಾಸಣೆಯ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ಮಾತು ಹೇಳೇ ಹೇಳುತ್ತಾರೆ. "ತಪಾಸಕರು ಬರುವುದು ಮೊದಲೇ ಗೊತ್ತಿರುತ್ತೆ ಸ್ವಾಮಿ. ಎಲ್ಲ ತೊಳೆದು, ಬಣ್ಣ ಬಳಿದು, ಸಾಮಾನು ಲಾರಿಗೆ ತುಂಬಿ ಕಳಿಸಿರುತ್ತಾರೆ. ಇವರು ಹೋಗಿ ಟೀ ಕುಡಿದು ಬರ್ತಾರೆ, ಅಷ್ಟೇ." ಹೀಗೆ ಹೇಳುವವರಿಗೆ ನಾನು 1992ರ ಯೋಂಗ್‌ಬ್ಯೋನ್ ಕತೆ ಹೇಳುತ್ತೇನೆ. ಅಲ್ಲಿ ಒಂದು ಸರ್ಕಾರದ ಲೆಕ್ಕ ತಪ್ಪು ಅಂತ ತೋರಿಸಿಕೊಟ್ಟಿದ್ದು ಒರೆಸಿ ತೆಗೆದ ಚೂರು ಧೂಳು.

ಯೋಂಗ್‌ಬ್ಯೋನ್ ಇರುವುದು ಉತ್ತರ ಕೊರಿಯಾದಲ್ಲಿ. ಅಲ್ಲಿ 1986ರಿಂದ ಓಡುತ್ತಿದ್ದ ಒಂದು ಸಣ್ಣ ರಿಯಾಕ್ಟರ್ ಇತ್ತು. ಪಕ್ಕದಲ್ಲಿ ಇನ್ನೊಂದು ಕಟ್ಟಡ. ಅದರ ಹೆಸರು 'ರೇಡಿಯೋಕೆಮಿಕಲ್ ಪ್ರಯೋಗಾಲಯ'. ಪ್ರಯೋಗಾಲಯ ಅಂದರೆ ನಾಲ್ಕು ಮೇಜು, ಹತ್ತು ಗಾಜಿನ ಬುರುಡೆ ಅಂದುಕೊಳ್ಳಬೇಡಿ. ಅದರ ಉದ್ದವೇ ಸುಮಾರು 180 ಮೀಟರ್! ರಿಯಾಕ್ಟರಿನಲ್ಲಿ ಉರಿದ ಯುರೇನಿಯಂ ಸರಳುಗಳನ್ನು ಆಸಿಡ್‌ನಲ್ಲಿ ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುವ ಜಾಗ ಅದು. 1992ರ ಮೇ ತಿಂಗಳಲ್ಲಿ ಉತ್ತರ ಕೊರಿಯಾ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ ತನ್ನ ಲೆಕ್ಕ ಒಪ್ಪಿಸಿತು. 1990ರಲ್ಲಿ ಒಂದೇ ಒಂದು ಸಲ, ಹಾಳಾದ ಕೆಲವು ಸರಳುಗಳಿಂದ ಸುಮಾರು 90 ಗ್ರಾಂ ಪ್ಲುಟೋನಿಯಂ ತೆಗೆದೆವು, ಬೇರೇನೂ ಇಲ್ಲ ಅಂತ. ಬಾಂಬಿಗೆ ಕಿಲೋಗಟ್ಟಲೆ ಬೇಕು. ಹಾಗಾಗಿ 90 ಗ್ರಾಂ ಅಂದರೆ ಯಾರೂ ಹೆದರಬೇಕಿಲ್ಲ.

ತಪಾಸಕರು ಹೋದರು. ಗ್ಲೋವ್ ಬಾಕ್ಸ್ ಅಂದರೆ ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ. ಪ್ಲುಟೋನಿಯಂ ಮುಟ್ಟುವ ಕೆಲಸ ನಡೆಯುವುದೇ ಅದರೊಳಗೆ. ಅಂಥ ಕಡೆ ಒರೆಸಿ ಧೂಳು ತೆಗೆದರು. ಕಸದ ದ್ರವದ ಮಾದರಿಯನ್ನೂ ತೆಗೆದುಕೊಂಡರು. ಅವು ಪ್ರಯೋಗಾಲಯಗಳಿಗೆ ಹೋದವು.

ಇಲ್ಲಿಂದ ಮುಂದೆ ನನಗೆ ತುಂಬಾ ಇಷ್ಟವಾದ ಭಾಗ. ಸ್ವಲ್ಪ ತಾಳ್ಮೆ ಇರಲಿ.

ಮೊಸರು ಕಡೆದು ಬೆಣ್ಣೆ ತೆಗೆಯುತ್ತೀರಿ. ಬೆಣ್ಣೆ ಒಂದು ಕಡೆ, ಮಜ್ಜಿಗೆ ಇನ್ನೊಂದು ಕಡೆ. ಹೊಸ ಬೆಣ್ಣೆಗೆ ಕಮಟು ವಾಸನೆ ಇರುವುದಿಲ್ಲ. ದಿನ ಕಳೆದಂತೆ ಅದು ತಾನಾಗಿಯೇ ಬರುತ್ತದೆ. ಮೂಗು ಚುರುಕಾಗಿರುವ ಅಜ್ಜಿಯ ಕೈಗೆ ಕೊಟ್ಟು ನೋಡಿ. "ಇದು ನಿನ್ನೆಯದು, ಇದು ಹೋದ ವಾರದ್ದು" ಅಂತ ಹೇಳಿಬಿಡುತ್ತಾರೆ. ಪ್ಲುಟೋನಿಯಂ ಬೇರ್ಪಡಿಸುವುದೂ ಕಡೆಯುವ ಕೆಲಸದ ಹಾಗೇ. ಬೆಣ್ಣೆ ಪ್ಲುಟೋನಿಯಂ, ಮಜ್ಜಿಗೆ ವಿಕಿರಣ ತುಂಬಿದ ಕಸ. ಹಾಗಾದರೆ ಕಮಟು ಯಾವುದು? ಅದೇ ಅಮೆರಿಸಿಯಂ-241.

ಪ್ಲುಟೋನಿಯಂ ಒಂದೇ ಬಗೆಯದಲ್ಲ. ಅದರಲ್ಲಿ 241 ಅನ್ನುವ ಒಂದು ಬಗೆ ಸ್ವಲ್ಪ ಪ್ರಮಾಣದಲ್ಲಿ ಸೇರಿರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, 14 ವರ್ಷ ಚಿಲ್ಲರೆ. ಅದು ನಿಧಾನಕ್ಕೆ ಅಮೆರಿಸಿಯಂ-241 ಆಗಿ ಬದಲಾಗುತ್ತದೆ. ಪ್ಲುಟೋನಿಯಂ ಬೇರ್ಪಡಿಸುವಾಗ ಅದುವರೆಗೆ ಹುಟ್ಟಿದ ಅಮೆರಿಸಿಯಂ ಎಲ್ಲ ಮಜ್ಜಿಗೆಯ ಜೊತೆ ಹೋಗುತ್ತದೆ. ಅಂದರೆ ಲೆಕ್ಕ ಸೊನ್ನೆಯಿಂದ ಶುರು. ಹೊಸ ಸವಾರಿ ಹತ್ತಿದಾಗ ಆಟೋದವರು ಮೀಟರ್ ಹಾಕುತ್ತಾರಲ್ಲ, ಹಾಗೆ. (ಹಾಕಿದರೆ!) ಆಮೇಲೆ ಯಾರು ತಡೆದರೂ ಮೀಟರ್ ನಿಲ್ಲುವುದಿಲ್ಲ. ಬಿಸಿ ಮಾಡಿ, ತಣ್ಣಗೆ ಮಾಡಿ, ನೆಲದಲ್ಲಿ ಹೂತಿಡಿ, ಅದು ತನ್ನ ಪಾಡಿಗೆ ಓಡುತ್ತದೆ.

ಒರಟು ಲೆಕ್ಕ ಹಾಕೋಣ. ವರ್ಷಕ್ಕೆ ನೂರರಲ್ಲಿ ಹತ್ತಿರ ಹತ್ತಿರ 5 ಪಾಲು ಪ್ಲುಟೋನಿಯಂ-241 ಅಮೆರಿಸಿಯಂ ಆಗುತ್ತದೆ. 1992ರಲ್ಲಿ ಅಳೆದಾಗ, 1991ರಲ್ಲಿ ತೆಗೆದ ಪ್ಲುಟೋನಿಯಂ ಆದರೆ 5 ಪಾಲು, 1990ರದ್ದಾದರೆ 9 ಪಾಲು, 1989ರದ್ದಾದರೆ 13 ಪಾಲು ಸಿಗಬೇಕು. ಒಂದು ವರ್ಷಕ್ಕೂ ಇನ್ನೊಂದಕ್ಕೂ ಇಷ್ಟು ದೊಡ್ಡ ಅಂತರ ಇದ್ದರೆ ಅಳೆಯುವವರಿಗೆ ಹಬ್ಬ. ಆದರೆ ಒಂದು ತೊಡಕಿದೆ. ಇವೆರಡರ ತೂಕವೂ 241. ಪರಮಾಣುಗಳನ್ನು ತೂಕದ ಮೇಲೆ ಬೇರೆ ಮಾಡುವ ಯಂತ್ರಕ್ಕೆ ಇವು ಒಂದೇ ಬಣ್ಣದ ಯೂನಿಫಾರಂ ಹಾಕಿದ ಅವಳಿ ಮಕ್ಕಳ ಥರ. ಅದಕ್ಕೇ ಮೊದಲು ರಾಸಾಯನಿಕವಾಗಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಆಮೇಲೆ ತೂಗುತ್ತಾರೆ.

ಈ ಅಮೆರಿಸಿಯಂನ ಹುಟ್ಟಿನ ಕತೆಯೂ ಚೆನ್ನಾಗಿದೆ. 1944ರಲ್ಲಿ ಅಮೆರಿಕದ ವಿಜ್ಞಾನಿ ಗ್ಲೆನ್ ಸೀಬೋರ್ಗ್ ಅವರ ತಂಡ ಇದನ್ನು ಕಂಡುಹಿಡಿಯಿತು. ಇದನ್ನೂ ಇದರ ಜೊತೆಯ ಕ್ಯೂರಿಯಂ ಅನ್ನೂ ಬೇರೆ ಧಾತುಗಳಿಂದ ಬಿಡಿಸಲು ಎಷ್ಟು ಒದ್ದಾಡಿದರೆಂದರೆ, ತಮಾಷೆಗೆ ಒಂದಕ್ಕೆ 'ಪ್ಯಾಂಡೆಮೋನಿಯಂ', ಇನ್ನೊಂದಕ್ಕೆ 'ಡೆಲಿರಿಯಂ' ಅಂತ ಹೆಸರಿಟ್ಟಿದ್ದರಂತೆ. ಒಂದು ರಂಪಾಟ, ಇನ್ನೊಂದು ಸನ್ನಿ. ಯುದ್ಧದ ಕಾಲದ ಗುಟ್ಟು ಬೇರೆ. ಕೊನೆಗೆ 1945ರ ನವೆಂಬರ್‌ನಲ್ಲಿ ಮಕ್ಕಳ ರೇಡಿಯೋ ಕಾರ್ಯಕ್ರಮವೊಂದರಲ್ಲಿ, ಹೊಸ ಧಾತು ಏನಾದರೂ ಸಿಕ್ಕಿದೆಯಾ ಅಂತ ಕೇಳಿದ್ದಕ್ಕೆ ಸೀಬೋರ್ಗ್ ಸುಮ್ನೆ ಹೇಳಿಬಿಟ್ಟರು. ವಿಜ್ಞಾನಿಗಳ ಸಭೆಯಲ್ಲಿ ಘೋಷಣೆ ಆದದ್ದು ಅದರ ನಂತರ! ಇವತ್ತು ಕೆಲವು ಹೊಗೆ ಪತ್ತೆ ಯಂತ್ರಗಳಲ್ಲಿ ಇದೇ ಅಮೆರಿಸಿಯಂ ಒಂದು ಚುಕ್ಕೆಯಷ್ಟು ಇರುತ್ತದೆ. ಅದರಿಂದ ಕ್ಯಾನ್ಸರ್ ಬರುತ್ತದೆ ಅಂತ ಹೆದರಿ ಕಿತ್ತೆಸೆಯಬೇಡಿ. ಸೂಸುವ ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟುವುದಿಲ್ಲ.

ಸರಿ, ಯೋಂಗ್‌ಬ್ಯೋನ್‌ಗೆ ವಾಪಸ್. ಒಂದೇ ಸಲ ಕಡೆದಿದ್ದರೆ ಎಲ್ಲ ಧೂಳಿಗೂ ಒಂದೇ ವಯಸ್ಸು ಇರಬೇಕಿತ್ತು. ಇರಲಿಲ್ಲ. 1989, 1990, 1991, ಮೂರು ವಯಸ್ಸು ಕಂಡಿತು. ಜೊತೆಗೆ ಇನ್ನೊಂದು ಎಡವಟ್ಟು. ತೋರಿಸಿದ ಪ್ಲುಟೋನಿಯಂ ಮತ್ತು ಕಸದಲ್ಲಿ ಉಳಿದ ಪ್ಲುಟೋನಿಯಂ ಒಂದಕ್ಕೊಂದು ತಾಳೆಯಾಗಲಿಲ್ಲ. ಬೆಣ್ಣೆ ಎಮ್ಮೆ ಹಾಲಿನದು, ಮಜ್ಜಿಗೆ ಹಸುವಿನ ಹಾಲಿನದು! ಹಾಗಾದರೆ ಈ ಮಜ್ಜಿಗೆಯ ಬೆಣ್ಣೆ ಎಲ್ಲಿ? ಆ ಬೆಣ್ಣೆಗೆ ಸೇರಿದ ಮಜ್ಜಿಗೆ ಎಲ್ಲಿ?

ಎಲ್ಲಿರಬಹುದು ಅನ್ನುವುದಕ್ಕೆ ಸುಳಿವು ಕೊಟ್ಟದ್ದು ಅಮೆರಿಕದ ಉಪಗ್ರಹ ಚಿತ್ರಗಳು. ಕಸ ತುಂಬಿದ್ದಿರಬಹುದಾದ ಎರಡು ಜಾಗ ಅವುಗಳಲ್ಲಿ ಕಂಡವು. ಒಂದನ್ನು ಮಣ್ಣು ಮುಚ್ಚಿ, ಮೇಲೆ ಗಿಡ ನೆಟ್ಟು ಮರೆಮಾಡಿದ್ದರು. ಬೆಣ್ಣೆ ತಿಂದು ಬಾಯಿ ಒರೆಸಿಕೊಂಡ ಕೃಷ್ಣನ ಕೆನ್ನೆಯಲ್ಲಿ ಬಿಳಿ ಉಳಿದ ಹಾಗೆ. ಸಂಸ್ಥೆಯ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ 'ವಿಶೇಷ ತಪಾಸಣೆ'ಗೆ ಪಟ್ಟು ಹಿಡಿದರು. ಅದಕ್ಕೆ ಕಾರಣವೂ ಇತ್ತು. ಇರಾಕಿನಲ್ಲಿ ವರ್ಷಗಟ್ಟಲೆ ತಪಾಸಣೆ ಮಾಡಿಯೂ ಗುಟ್ಟಿನ ಬಾಂಬ್ ಕಾರ್ಯಕ್ರಮ ಕಣ್ಣಿಗೆ ಬಿದ್ದಿರಲಿಲ್ಲ. 1991ರ ಸೆಪ್ಟೆಂಬರ್‌ನಲ್ಲಂತೂ ದಾಖಲೆ ಹಿಡಿದ ತಪಾಸಕರನ್ನು ಬಾಗ್ದಾದಿನ ಒಂದು ಪಾರ್ಕಿಂಗ್ ಜಾಗದಲ್ಲಿ ನಾಲ್ಕು ದಿನ ತಡೆದು ನಿಲ್ಲಿಸಿದ್ದರು.

1993ರ ಫೆಬ್ರವರಿ 25ರಂದು ಸಂಸ್ಥೆಯ ಆಡಳಿತ ಮಂಡಳಿ ಆ ಎರಡು ಜಾಗ ತೋರಿಸಲು ಉತ್ತರ ಕೊರಿಯಾಕ್ಕೆ ಒಂದು ತಿಂಗಳ ಗಡುವು ಕೊಟ್ಟಿತು. ಉತ್ತರ ಕೊರಿಯಾ ಅವು ಸೇನೆಯ ಜಾಗ ಅಂದಿತು. ಮಾರ್ಚ್ 12ಕ್ಕೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರಗೆ ಹೋಗುತ್ತೇನೆ ಎಂದು ನೋಟಿಸ್ ಕೊಟ್ಟಿತು. ಮೇ 11ರಂದು ಭದ್ರತಾ ಮಂಡಳಿ 825ನೇ ನಿರ್ಣಯ ಮಾಡಿತು. ಪರವಾಗಿ 13 ಮತ, ಚೀನಾ ಮತ್ತು ಪಾಕಿಸ್ತಾನ ತಟಸ್ಥ. ನಿರ್ಣಯದ ಭಾಷೆ ಎಷ್ಟು ಮೆತ್ತಗಿತ್ತೆಂದರೆ ದಂಡನೆಯ ಮಾತೇ ಇಲ್ಲ, ಮರುಪರಿಶೀಲಿಸಿ ಅಂತ ಕೇಳಿಕೊಂಡಿತು. ನೋಟಿಸಿನ ಅವಧಿ ಮುಗಿಯಲು ಒಂದು ದಿನ ಇರುವಾಗ ಉತ್ತರ ಕೊರಿಯಾ ಅದನ್ನು ತಡೆಹಿಡಿಯಿತು. ಜಾಗ ಮಾತ್ರ ತೋರಿಸಲಿಲ್ಲ.

ಒತ್ತಡ ಕೆಲಸ ಮಾಡಲಿಲ್ಲ ಅಂತ ಇಲ್ಲಿಗೆ ಷರಾ ಬರೆಯುವವರು ಮುಂದಿನ ವರ್ಷವನ್ನೂ ನೋಡಬೇಕು. ನನ್ನ ಪ್ರಕಾರ ನಿಜವಾದ ನಷ್ಟ ಆದದ್ದು ಆಗ. ರಿಯಾಕ್ಟರಿನ ಒಳಗೆ ಸುಮಾರು 8,000 ಸರಳುಗಳಿದ್ದವು. ಯಾವ ಸರಳು ಎಲ್ಲಿ ನಿಂತಿತ್ತು, ಎಷ್ಟು ಉರಿದಿದೆ ಎಂದು ಗೊತ್ತಾದರೆ ರಿಯಾಕ್ಟರಿನ ಜಾತಕವೇ ಕೈಗೆ ಸಿಕ್ಕಂತೆ. ಇವು 1986ರಿಂದ ಇರುವವೇ, ಇಲ್ಲ 1989ರಲ್ಲಿ ರಿಯಾಕ್ಟರ್ ನಿಂತಿದ್ದಾಗ ಬದಲಾಯಿಸಿದವೇ ಅನ್ನುವುದಕ್ಕೆ ಉತ್ತರ ಅಲ್ಲಿತ್ತು. ಆಯ್ದ ಸರಳುಗಳನ್ನು ಬೇರೆ ಇಡಿ ಎಂದು ಸಂಸ್ಥೆ ಕೇಳಿತು. ಉತ್ತರ ಕೊರಿಯಾ 1994ರ ಮೇ, ಜೂನ್‌ನಲ್ಲಿ ಎಲ್ಲವನ್ನೂ ಗಡಿಬಿಡಿಯಲ್ಲಿ ಹೊರತೆಗೆದು ಕಲಸಿಬಿಟ್ಟಿತು. ಶಾನುಭೋಗರ ಕಡತದ ಹಾಳೆಗಳನ್ನು ಬಿಚ್ಚಿ, ಪುಟಸಂಖ್ಯೆ ಅಳಿಸಿ, ಗೋಣಿಚೀಲಕ್ಕೆ ತುಂಬಿದ ಹಾಗೆ. ಹಾಳೆ ಎಲ್ಲ ಇವೆ, ಕ್ರಮ ಹೋಯಿತು.

ಆಮೇಲೆ ದಿಗ್ಬಂಧನದ ಮಾತು, ಯುದ್ಧದ ಭಯ. ಜೂನ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ಯೋಂಗ್ಯಾಂಗ್‌ಗೆ ಹೋದರು. ಅಕ್ಟೋಬರ್ 21ಕ್ಕೆ ಜಿನೀವಾದಲ್ಲಿ ಅಮೆರಿಕ ಮತ್ತು ಉತ್ತರ ಕೊರಿಯಾ ನಡುವೆ ಒಪ್ಪಂದವಾಯಿತು. ರಿಯಾಕ್ಟರ್ ಎಂಟು ವರ್ಷ ನಿಂತಿತು. ಅದು ಒತ್ತಡ ಮತ್ತು ಮಾತುಕತೆ ಎರಡೂ ಸೇರಿ ತಂದ ಫಲ, ಸಣ್ಣದೇನಲ್ಲ. ಆದರೆ ಹಳೆಯ ಲೆಕ್ಕ ಬಿಡಿಸುವ ಕೆಲಸ ಮುಂದಕ್ಕೆ ಹೋಯಿತು. 2003ರ ಜನವರಿಯಲ್ಲಿ ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರಗೆ ಹೋಗುತ್ತೇನೆ ಎಂದು ಮತ್ತೆ ಹೇಳಿ ಹೊರಬಿತ್ತು. 2006ರ ಅಕ್ಟೋಬರ್ 9ರಂದು ಮೊದಲ ಬಾಂಬ್ ಸಿಡಿಸಿತು. 2009ರಲ್ಲಿ ತಪಾಸಕರನ್ನು ಹೊರಗೆ ಕಳಿಸಿದ ಮೇಲೆ ಒಳಗೆ ಬಿಟ್ಟಿಲ್ಲ.

ಗಿಡ ನೆಟ್ಟ ಆ ಜಾಗದ ಕೆಳಗೆ ನಿಜಕ್ಕೂ ಆ ಕಾಲದ ಮಜ್ಜಿಗೆ ಇದ್ದರೆ, ಅದರಲ್ಲಿ ಸೀಸಿಯಂ-137 ಇರಲೇಬೇಕು. ಅದರ ಅರ್ಧಾಯುಷ್ಯ 30 ವರ್ಷ. ಇಷ್ಟು ಕಾಲವಾದರೂ ಅರ್ಧದ ಹತ್ತಿರ ಹತ್ತಿರ ಇನ್ನೂ ಉಳಿದಿರುತ್ತದೆ. ಎಷ್ಟು ಸರಳು ಕರಗಿಸಿದರು ಅಂತ ಅದನ್ನು ಅಳೆದು ಈಗಲೂ ಹೇಳಬಹುದು. ಗುದ್ದಲಿ ಹಿಡಿದು ಹೋಗಲು ಬಿಡಬೇಕು, ಅಷ್ಟೇ.