ಬುಗುರಿಯ ಬೆನ್ನಿಗೆ ಗಾಳಿ ಎಲ್ಲಿದೆ?

ದಾರ ಸುತ್ತಿ, ಕೈ ಬೀಸಿ, ಬುಗುರಿಯನ್ನು ನೆಲಕ್ಕೆ ಬಿಟ್ಟಾಯಿತು. ದಾರ ಕೈಗೆ ವಾಪಸ್ಸು ಬಂದಿದೆ. ಬುಗುರಿಯನ್ನು ಈಗ ಯಾರೂ ಮುಟ್ಟುತ್ತಿಲ್ಲ. ಆದರೂ ಅದು ಮೊಳೆಯ ಮೇಲೆ ನಿಂತು ಗುಂಯ್ ಎನ್ನುತ್ತಿದೆ. ಹಾಗಾದರೆ ಅದನ್ನು ತಿರುಗಿಸುತ್ತಿರುವವರು ಯಾರು?

ಕೇಳುವುದಕ್ಕೆ ಮಕ್ಕಳ ಪ್ರಶ್ನೆ. ಒಪ್ಪುವಂಥ ಉತ್ತರ ಸಿಗುವುದಕ್ಕೆ ಸುಮಾರು 2000 ವರ್ಷ ಹಿಡಿಯಿತು. ಅಷ್ಟರೊಳಗೆ ಪ್ರಶ್ನೆ ಅಥೆನ್ಸ್ ಬಿಟ್ಟು ಅಲೆಕ್ಸಾಂಡ್ರಿಯಾ, ಬಾಗ್ದಾದ್, ಹಮದಾನ್, ಕಾರ್ಡೊಬಾ, ಪ್ಯಾರಿಸ್ ಎಲ್ಲ ಸುತ್ತಿಬಂದಿತ್ತು.

ಅರಿಸ್ಟಾಟಲ್ (ಕ್ರಿ.ಪೂ. 384–322) ಹೇಳಿದ್ದು ನಮ್ಮ ಕಣ್ಣಿಗೆ ದಿನಾ ಕಾಣುವುದನ್ನೇ. ಎತ್ತು ಎಳೆದರೆ ಗಾಡಿ ಹೋಗುತ್ತದೆ, ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ. ಅಂದಮೇಲೆ ಚಲಿಸುವ ಯಾವುದಕ್ಕೂ ಅದನ್ನು ಚಲಿಸುವಂತೆ ಮಾಡುವ ಇನ್ನೊಂದು ಇರಲೇಬೇಕು. ಸರಿ, ಕವಣೆ ಬಿಟ್ಟು ಹೊರಟ ಕಲ್ಲಿನ ಗತಿ? ಅಲ್ಲಿ ಅವನಿಗೆ ಗಾಳಿ ಬೇಕಾಯಿತು. ಎಸೆಯುವ ಕೈ ಕಲ್ಲಿನ ಜೊತೆ ಗಾಳಿಗೂ ತಳ್ಳುವ ಶಕ್ತಿ ಕೊಡುತ್ತದೆ, ಆ ಶಕ್ತಿ ಗಾಳಿಯ ಪದರದಿಂದ ಪದರಕ್ಕೆ ದಾಟುತ್ತಾ ಕಲ್ಲನ್ನು ಮುಂದೆ ಒಯ್ಯುತ್ತದೆ, ದಾಟುತ್ತಾ ದಾಟುತ್ತಾ ಸೊರಗಿದಾಗ ಕಲ್ಲು ಬೀಳುತ್ತದೆ ಎಂದ. ನಗಬೇಡಿ. ಗಾಡಿಯ ನಿಯಮವನ್ನು ಒಪ್ಪಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ನಕ್ಕವನು ಒಬ್ಬನಿದ್ದ. ಕ್ರಿ.ಶ. 6ನೇ ಶತಮಾನದ ಅಲೆಕ್ಸಾಂಡ್ರಿಯಾದ ಜಾನ್ ಫಿಲೊಪೊನಸ್, ಕ್ರೈಸ್ತ ವಿದ್ವಾಂಸ. ಅರಿಸ್ಟಾಟಲನ ಭೌತಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುತ್ತಾ, ಮೂಲವನ್ನು ವಿವರಿಸುವ ಕೆಲಸ ಬಿಟ್ಟು ಮೂಲದ ಜೊತೆಗೇ ಜಗಳಕ್ಕೆ ನಿಂತ. ಗಾಳಿಯೇ ತಳ್ಳುವುದಾದರೆ ಕೈ ಯಾಕೆ ಬೇಕು? ಕಲ್ಲನ್ನು ಒಂದು ಕೋಲಿನ ತುದಿಯಲ್ಲಿಟ್ಟು, ಅದರ ಹಿಂದಿನ ಗಾಳಿಯನ್ನೆಲ್ಲ ಎಷ್ಟು ಯಂತ್ರ ಬೇಕಾದರೂ ಹಚ್ಚಿ ಕದಡಿ. ಕಲ್ಲು ಒಂದು ಮೊಳವೂ ಮುಂದೆ ಹೋಗುವುದಿಲ್ಲ ಎಂದ. ಅವನ ಪ್ರಕಾರ ಎಸೆಯುವವನು ಗಾಳಿಗೆ ಏನನ್ನೂ ಕೊಡುವುದಿಲ್ಲ. ಕೊಡುವುದನ್ನೆಲ್ಲ ಕಲ್ಲಿಗೇ ಕೊಟ್ಟು ಕಳಿಸುತ್ತಾನೆ.

ಅವನ ಸಮಕಾಲೀನ ಸಿಂಪ್ಲಿಸಿಯಸ್‌ಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಅರಿಸ್ಟಾಟಲನ ವಿರುದ್ಧ ಫಿಲೊಪೊನಸ್ ಬರೆದ ಇನ್ನೊಂದು ಪುಸ್ತಕವನ್ನು ಖಂಡಿಸಲು ಅದರ ಸಾಲುಗಳನ್ನು ಉದ್ದುದ್ದ ಎತ್ತಿಕೊಂಡು ಬರೆದ. ಮೂಲ ಪುಸ್ತಕ ಕಳೆದುಹೋಯಿತು. ಇವತ್ತು ಅದರಲ್ಲಿ ಏನಿತ್ತು ಎಂದು ತಿಳಿಯಬೇಕಾದರೆ ಮುಖ್ಯವಾಗಿ ಆ ವೈರಿಯ ಖಂಡನೆಯನ್ನೇ ಓದಬೇಕು. ಪೂರ್ವಪಕ್ಷದ ಸಂಪ್ರದಾಯ ಬಲ್ಲ ನಮಗೆ ಇದು ಹೊಸದೇನಲ್ಲ. ಚಾರ್ವಾಕರ ಮಾತುಗಳು ಬಹುಪಾಲು ನಮಗೆ ಸಿಕ್ಕಿರುವುದೂ ಅವರನ್ನು ಮುರಿಯಲು ಹೊರಟವರ ಪುಸ್ತಕಗಳಲ್ಲೇ. ವೈರಿಯ ಹೆಗಲೇರಿ ಊರು ದಾಟುವ ಈ ಸಂಗತಿ ಈ ಕತೆಯಲ್ಲಿ ಮತ್ತೆ ಬರುತ್ತದೆ.

ಕ್ರಿ.ಶ. 762ರಲ್ಲಿ ಬಾಗ್ದಾದ್ ನಗರ ಹುಟ್ಟಿತು. ಮುಂದಿನ ಇನ್ನೂರು ವರ್ಷ ಅಲ್ಲಿ ಗ್ರೀಕ್ ಶಾಸ್ತ್ರಗಳು ಅರಬ್ಬಿಗೆ ಬಂದವು. ಖಲೀಫರು, ವಜೀರರು, ವೈದ್ಯರು ಹಣ ಕೊಟ್ಟು ಮಾಡಿಸಿದ ಕೆಲಸ ಅದು. ಅನುವಾದಕರಲ್ಲಿ ಬಹಳ ಮಂದಿ ಸಿರಿಯಾಕ್ ಭಾಷೆ ಬಲ್ಲ ಕ್ರೈಸ್ತರು. ಅರಿಸ್ಟಾಟಲನ ಭೌತಶಾಸ್ತ್ರವನ್ನು ಅರಬ್ಬಿಗೆ ತಂದ ಇಸ್‌ಹಾಕ್ ಇಬ್ನ್ ಹುನೈನ್ ಅಂಥವನೊಬ್ಬ. ಫಿಲೊಪೊನಸ್ ಕೂಡ ಅಲ್ಲಿಗೆ ತಲುಪಿದ, ಯಾಹ್ಯಾ ಅಲ್-ನಹ್ವಿ, ಅಂದರೆ ವೈಯಾಕರಣಿ ಯಾಹ್ಯಾ ಎಂಬ ಹೆಸರಿನಲ್ಲಿ.

ಇನ್ನು ತತ್ವಜ್ಞಾನಿ, ವೈದ್ಯ ಇಬ್ನ್ ಸಿನಾ (980–1037). ಬುಖಾರಾದ ಹತ್ತಿರ ಹುಟ್ಟಿ ಹಮದಾನ್‌ನಲ್ಲಿ ತೀರಿಕೊಂಡವನು. ಅರಿಸ್ಟಾಟಲನ ಒಂದು ಪುಸ್ತಕವನ್ನು 40 ಸಲ ಓದಿ ಬಾಯಿಪಾಠವಾದರೂ ಅರ್ಥವಾಗಲಿಲ್ಲ, ಕೊನೆಗೆ ಪೇಟೆಯಲ್ಲಿ 3 ದಿರ್ಹಮ್‌ಗೆ ಸಿಕ್ಕ ಅಲ್-ಫಾರಾಬಿಯ ಪುಟ್ಟ ಪುಸ್ತಕದಿಂದ ತಲೆಗೆ ಹೊಳೆಯಿತು ಎಂದು ತಾನೇ ಬರೆದುಕೊಂಡಿದ್ದಾನೆ. ಗೈಡ್ ಓದಿ ಪಾಸಾದವರಿಗೆಲ್ಲ ಇದು ಸಮಾಧಾನದ ಸುದ್ದಿ. ಇವನ ‘ಕಿತಾಬ್ ಅಲ್-ಶಿಫಾ’ ಎಂದರೆ ಗುಣಪಡಿಸುವ ಪುಸ್ತಕ. ಹೆಸರು ಹಾಗಿದ್ದರೂ ಅದು ವೈದ್ಯಗ್ರಂಥವಲ್ಲ. ತರ್ಕ, ಗಣಿತ, ಭೌತಶಾಸ್ತ್ರ, ತತ್ವಶಾಸ್ತ್ರಗಳ ಮಹಾಕೋಶ.

ಅದರಲ್ಲಿ ಅವನು, ಎಸೆದ ಕಲ್ಲಿನೊಳಗೆ ‘ಮೈಲ್’ ಎಂಬುದೊಂದು ಸೇರುತ್ತದೆ ಎಂದ. ಮೈಲ್ ಎಂದರೆ ಒಲವು, ಒಂದು ಕಡೆಗೆ ವಾಲುವ ಗುಣ. ಗಾಳಿ ತುಂಬಿದ ತಿತ್ತಿಯನ್ನು ನೀರಿನೊಳಗೆ ಅದುಮಿ ಹಿಡಿದರೆ ಅಂಗೈಗೆ ಒತ್ತು ಗೊತ್ತಾಗುತ್ತದಲ್ಲ, ಅಂಥದ್ದು. ಗಾಳಿಯ ತಡೆ ಈ ಮೈಲನ್ನು ತಿಂದುಹಾಕುತ್ತದೆ, ಆಗ ಕಲ್ಲು ಬೀಳುತ್ತದೆ. ತಡೆಯುವುದೇ ಏನೂ ಇಲ್ಲದಿದ್ದರೆ? ನಿರ್ವಾತದಲ್ಲಿ ಎಸೆದ ಕಲ್ಲು ಎಂದೆಂದಿಗೂ ನಿಲ್ಲುವುದಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನ್ಯೂಟನ್‌ಗಿಂತ ಸುಮಾರು 650 ವರ್ಷ ಮೊದಲು ಈ ವಾಕ್ಯ ಕಾಗದದ ಮೇಲೆ ಬಂದಿದೆ. ಆದರೆ ಬರೆದವನು ಅದನ್ನು ನಂಬಲಿಲ್ಲ! ಎಸೆದ ಕಲ್ಲು ನಿಲ್ಲದೆ ಹೋಗುತ್ತಲೇ ಇರುವುದು ಅಸಂಬದ್ಧ, ಹಾಗಾಗಿ ನಿರ್ವಾತ ಎಂಬುದೇ ಇಲ್ಲ ಎಂದು ಮುಗಿಸಿದ. ಇಬ್ನ್ ಸಿನಾನನ್ನು ‘ಜಡತ್ವ ಕಂಡುಹಿಡಿದವನು’ ಎಂದು ಮೆರೆಸುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ನನಗೋ, ಅವನು ಬಾಗಿಲ ತನಕ ಬಂದು ಹಿಂತಿರುಗಿದ ಕತೆಯೇ ಹೆಚ್ಚು ಇಷ್ಟ.

ಸ್ಪೇನ್‌ನ ಕಡೆ ಹೋದರೆ ಅಲ್ಲಿ ಇಬ್ನ್ ಬಾಜ್ಜಾ ಎಂಬ ತತ್ವಜ್ಞಾನಿ. ಫಿಲೊಪೊನಸ್ ಹೇಳಿದ್ದ ಮಾತೊಂದನ್ನೇ ಇವನೂ ಹೇಳಿದ: ಗಾಳಿ, ನೀರು ಚಲನೆಗೆ ಅಡ್ಡಿ ಮಾತ್ರ, ಅವು ಇಲ್ಲದಿದ್ದರೂ ವಸ್ತುವಿಗೆ ತನ್ನದೇ ಆದ ವೇಗ ಇದ್ದೇ ಇರುತ್ತದೆ. ಕಾರ್ಡೊಬಾದ ಇಬ್ನ್ ರುಷ್ದ್‌ಗೆ (1126–1198) ಇದು ಹಿಡಿಸಲಿಲ್ಲ. ಅವನು ಅರಿಸ್ಟಾಟಲನ ಕಟ್ಟಾಳು. ತನ್ನ ಮಹಾವ್ಯಾಖ್ಯಾನದಲ್ಲಿ ಇಬ್ನ್ ಬಾಜ್ಜಾನ ವಾದವನ್ನು ಎತ್ತಿಟ್ಟು ಚೆನ್ನಾಗಿ ಝಾಡಿಸಿದ. ಆ ವ್ಯಾಖ್ಯಾನ 13ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಬಂತು. ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಇಬ್ನ್ ರುಷ್ದ್‌ಗೆ ‘ವ್ಯಾಖ್ಯಾನಕಾರ’ ಎಂದಷ್ಟೇ ಹೆಸರು, ಬೇರೆ ಬೇಕಿರಲಿಲ್ಲ. ಹೀಗೆ ಝಾಡಿಸಿಕೊಂಡ ವಾದವೂ ಪ್ಯಾರಿಸ್ ತಲುಪಿತು. ಓದಿದ ಕೆಲವರಿಗೆ ಬೈದವನಿಗಿಂತ ಬೈಸಿಕೊಂಡವನೇ ಸರಿ ಎನ್ನಿಸಿತು. ಥಾಮಸ್ ಅಕ್ವಿನಾಸ್ ಅವರಲ್ಲೊಬ್ಬ.

ಪ್ಯಾರಿಸ್‌ನಲ್ಲಿ 14ನೇ ಶತಮಾನದ ಜಾನ್ ಬುರಿಡಾನ್ ಎಂಬ ಮೇಷ್ಟರು ಬುಗುರಿಯನ್ನು ಎತ್ತಿಕೊಂಡರು. ಕತೆ ಕಟ್ಟುತ್ತಿಲ್ಲ, ಅವರ ಉದಾಹರಣೆಯೇ ಬುಗುರಿ. ಬುಗುರಿ ನಿಂತಲ್ಲೇ ತಿರುಗುತ್ತದೆ, ಜಾಗ ಬಿಟ್ಟು ಹೋಗುವುದಿಲ್ಲ. ಹಾಗಿದ್ದಮೇಲೆ ಅದರ ಬೆನ್ನಿಗೆ ನುಗ್ಗಿ ತಳ್ಳುವ ಗಾಳಿ ಎಲ್ಲಿಂದ ಬರಬೇಕು? ಕಮ್ಮಾರನ ಸಾಣೆಕಲ್ಲಿನ ಸುತ್ತ ಬಟ್ಟೆ ಮುಚ್ಚಿದರೂ ಅದು ತಿರುಗುತ್ತಲೇ ಇರುತ್ತದೆ. ಪ್ರವಾಹದ ಎದುರಿಗೆ ಎಳೆಯುತ್ತಿದ್ದ ದೋಣಿ ಎಳೆಯುವುದು ನಿಂತಮೇಲೂ ಸ್ವಲ್ಪ ದೂರ ಸಾಗುತ್ತದೆ, ಆಗ ಮೇಲೆ ನಿಂತ ನಾವಿಕನ ಮುಖಕ್ಕೆ ಗಾಳಿ ಹೊಡೆಯುತ್ತದೆಯೇ ಹೊರತು ಬೆನ್ನಿಗಲ್ಲ. ಒಳಗೆ ಸೇರಿದ ಈ ಬಲಕ್ಕೆ ಅವರು ‘ಇಂಪಿಟಸ್’ ಎಂದು ಹೆಸರಿಟ್ಟರು. ವೇಗ ಹೆಚ್ಚಿದಷ್ಟೂ, ದ್ರವ್ಯ ಹೆಚ್ಚಿದಷ್ಟೂ ಇಂಪಿಟಸ್ ಹೆಚ್ಚು, ತಡೆಯುವವರಿಲ್ಲದಿದ್ದರೆ ಅದು ಕರಗುವುದಿಲ್ಲ. ದೇವರು ಸೃಷ್ಟಿಯ ದಿನ ಗ್ರಹಗಳ ಗೋಳಗಳನ್ನು ಒಮ್ಮೆ ತಿರುಗಿಸಿ ಬಿಟ್ಟಿದ್ದರೆ ಸಾಕು, ದಿನಾ ತಳ್ಳಲು ದೇವದೂತರು ಬೇಕಿಲ್ಲ ಎಂದೂ ಸೇರಿಸಿದರು.

ಇದು ಇಬ್ನ್ ಸಿನಾನಿಂದ ಬಂದದ್ದೇ? ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಶಿಫಾದ ಭೌತಶಾಸ್ತ್ರ ಲ್ಯಾಟಿನ್‌ಗೆ ಬಂದದ್ದು ಅರ್ಧಂಬರ್ಧ. ಫಿಲೊಪೊನಸನ ವ್ಯಾಖ್ಯಾನವಂತೂ ವೆನಿಸ್‌ನಲ್ಲಿ ಅಚ್ಚಾದದ್ದು 1535ರಲ್ಲಿ. ಆಮೇಲೆ ಅದನ್ನು ಬಲ್ಲವರಲ್ಲಿ ಗೆಲಿಲಿಯೋ ಒಬ್ಬ. ಪೀಸಾದಲ್ಲಿದ್ದಾಗಿನ ತನ್ನ ಬರಹದಲ್ಲಿ ಫಿಲೊಪೊನಸನ ಹೆಸರು ಹೇಳುತ್ತಾನೆ.

ಕೊನೆಯ ತಿರುವು ಬಂದದ್ದು ಪ್ರಶ್ನೆಯನ್ನೇ ಬಿಟ್ಟಾಗ. 17ನೇ ಶತಮಾನದಲ್ಲಿ ಗೆಲಿಲಿಯೋ, ಡೆಕಾರ್ಟ್, 1687ರಲ್ಲಿ ನ್ಯೂಟನ್: ನೇರವಾಗಿ, ಒಂದೇ ವೇಗದಲ್ಲಿ ಹೋಗುತ್ತಿರುವುದಕ್ಕೆ ಕಾರಣವೇ ಬೇಡ, ಕಾರಣ ಬೇಕಿರುವುದು ವೇಗವೋ ದಿಕ್ಕೋ ಬದಲಾದಾಗ. ಕಲ್ಲಿನೊಳಗೆ ಏನೂ ಕೂತಿಲ್ಲ. ಬುಗುರಿಯ ಒಂದೊಂದು ಚೂರೂ ನೇರ ಹೋಗಲು ನೋಡುತ್ತದೆ, ಮರದ ಬಿಗಿ ಅದನ್ನು ಒಳಕ್ಕೆ ಎಳೆದು ಸುತ್ತಿಸುತ್ತದೆ, ಅಷ್ಟೆ.

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಬುಗುರಿ ಬಿಟ್ಟು ನೋಡುತ್ತಾ ನಿಂತಿದ್ದ. ‘ದಾರ ನಿನ್ನ ಕೈಲಿದೆ, ಅದು ಹೆಂಗೋ ತಿರುಗ್ತಾ ಇದೆ?’ ಎಂದೆ. ‘ಜೋರಾಗಿ ಬಿಟ್ಟಿದೀನಲ್ಲ ಅಂಕಲ್, ಆ ಜೋರು ಇನ್ನೂ ಒಳಗಿದೆ’ ಎಂದ. ಪಾಠದಲ್ಲಿ ನ್ಯೂಟನ್ ಆಗಿದೆಯಾ ಎಂದು ಕೇಳಿದೆ. ಆಗಿದೆಯಂತೆ, ಟೆಸ್ಟ್‌ನಲ್ಲಿ ಪೂರ್ತಿ ಮಾರ್ಕ್ಸೂ ಬಂದಿದೆಯಂತೆ.